ಕೇರ್ ಲಿಸ್ಟ್ ಹೋಯಿತು, ನೆಗೆಟಿವ್ ಅಂಕ ಬಂತು: ಈಗ ಯಾವ ಜರ್ನಲ್ ಅಸಲಿ?

2025ರ ಫೆಬ್ರವರಿ 11ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಒಂದು ಸಾರ್ವಜನಿಕ ಸೂಚನೆ ಹೊರಡಿಸಿತು. ಸಂಶೋಧನಾ ಲೇಖನ ಯಾವ ಜರ್ನಲ್‌ನಲ್ಲಿ ಬಂದರೆ ಲೆಕ್ಕಕ್ಕೆ ಬರುತ್ತದೆ ಎಂದು ಹೇಳುತ್ತಿದ್ದ 'ಯುಜಿಸಿ-ಕೇರ್' ಪಟ್ಟಿ ಇನ್ನು ಇರುವುದಿಲ್ಲ ಎಂಬುದು ಅದರ ತಿರುಳು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಬಂತು. ಪ್ರಕಟವಾದ ಮೇಲೆ ವಾಪಸ್ ಪಡೆದ ಪೇಪರ್‌ಗಳಿಗಾಗಿ ಸಂಸ್ಥೆಯ ಅಂಕ ಕಳೆಯುವ ಪದ್ಧತಿ ಅದರಲ್ಲಿ ಮೊದಲ ಸಲ ಸೇರಿತ್ತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗೊಂದಲವಾಗುವುದು ಸಹಜ. ಯಾವ ಜರ್ನಲ್ ಒಳ್ಳೆಯದು ಎಂದು ನಾವು ಹೇಳುವುದಿಲ್ಲ, ನೀವೇ ನೋಡಿಕೊಳ್ಳಿ ಎನ್ನುತ್ತದೆ ಒಂದು ಆದೇಶ. ನೋಡಿಕೊಳ್ಳುವಾಗ ಎಡವಿದರೆ ರ‍್ಯಾಂಕ್ ಇಳಿಸುತ್ತೇವೆ ಎನ್ನುತ್ತದೆ ಇನ್ನೊಂದು. ಹೀಗಾಗಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ, ಪಿಎಚ್‌ಡಿ ಮಾಡುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರಶ್ನೆಗಳು ಸುತ್ತುತ್ತಿವೆ. ಕೇರ್‌ನಲ್ಲಿ ಬಂದ ಹಳೇ ಪೇಪರ್ ನಡೆಯುತ್ತಾ? ಇನ್ನು ಸ್ಕೋಪಸ್ (ಅಂತರರಾಷ್ಟ್ರೀಯ ಜರ್ನಲ್ ಸೂಚಿ) ಬೇಕೇ ಬೇಕಾ? ಕನ್ನಡದಲ್ಲಿ ಬರೆದವರ ಗತಿ ಏನು?

ಉತ್ತರ ಹುಡುಕಬೇಕಾದರೆ ಪಟ್ಟಿಗಿಂತ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪೇಪರ್‌ಗೆ ಅಂಕ ಬಿದ್ದ ದಿನ

2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ 'ಎಪಿಐ' ಎಂಬ ಶೈಕ್ಷಣಿಕ ಸಾಧನೆಯ ಅಂಕಗಳನ್ನು ತಂದಿತು. ತಜ್ಞರ ಪರಿಶೀಲನೆ ಇರುವ ಜರ್ನಲ್‌ನಲ್ಲಿ ಒಂದು ಪೇಪರ್ ಬಂದರೆ 15 ಅಂಕ. ಪರಿಶೀಲನೆ ಇಲ್ಲದಿದ್ದರೂ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಸಂಖ್ಯೆ ಇರುವ ಹೆಸರುಳ್ಳ ಪ್ರಕಟಣೆಯಾದರೆ 10.

ಐಎಸ್‌ಎಸ್‌ಎನ್ ಎಂದರೆ ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಯ ಸಂಖ್ಯೆ, ಅಷ್ಟೇ. ಬೈಕಿನ ನಂಬರ್ ಪ್ಲೇಟ್ ಇದ್ದಂತೆ. ಬೈಕ್ ಯಾವುದು ಎಂದು ಅದು ಹೇಳುತ್ತದೆ, ಬ್ರೇಕ್ ಹಿಡಿಯುತ್ತದೋ ಇಲ್ಲವೋ ಹೇಳುವುದಿಲ್ಲ. ಆದರೆ ನಿಯಮದಲ್ಲಿ ಅದರ ಹೆಸರು ಬಂದದ್ದೇ ತಡ, "ಐಎಸ್‌ಎಸ್‌ಎನ್ ಇದೆಯಾ ಸಾರ್?" ಎಂಬುದೇ ಗುಣಮಟ್ಟದ ಪರೀಕ್ಷೆಯಾಯಿತು.

ಮುಂದೆ 2016ರ ಪಿಎಚ್‌ಡಿ ನಿಯಮ ಬಂತು. ಥೀಸಿಸ್ ಸಲ್ಲಿಸುವ ಮೊದಲು ಕನಿಷ್ಠ ಒಂದು ಪೇಪರ್ ಪ್ರಕಟವಾಗಿರಬೇಕು, ಎರಡು ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಿರಬೇಕು ಎಂದಿತು. ಅಧ್ಯಾಪಕರ ನೇಮಕ, ಬಡ್ತಿಯ 2018ರ ನಿಯಮಾವಳಿ ಅಂಕಗಳನ್ನು ಬದಲಿಸಿತು. ವಿಜ್ಞಾನದವರಿಗೆ ಒಂದು ಪೇಪರ್‌ಗೆ 8, ಭಾಷೆ ಮತ್ತು ಸಮಾಜ ವಿಜ್ಞಾನದವರಿಗೆ 10. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಪ್ರತಿ ಪೇಪರ್‌ಗೆ 2 ಅಂಕ, ಹೆಚ್ಚೆಂದರೆ 10. ಅಂದರೆ ಐದು ಪೇಪರ್ ಕೈಯಲ್ಲಿದ್ದರೆ ಆ ಹತ್ತೂ ಅಂಕ ಬಂದಂತೆ. ಆ ಐದರಲ್ಲಿ ಹೊಸದೇನಾದರೂ ಇದೆಯೇ ಎಂದು ಕೋಷ್ಟಕ ಕೇಳುವುದಿಲ್ಲ.

ಈ ಲೆಕ್ಕ ಬೀಳುವುದು ಯಾರ ಮೇಲೆ? ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಅದರ ಮೇಲೆ ಪರೀಕ್ಷೆ ಕೆಲಸ, ಮೌಲ್ಯಮಾಪನ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಕಡತ. ಪ್ರಯೋಗಾಲಯ, ಗ್ರಂಥಾಲಯ ಎರಡೂ ಅಷ್ಟಕ್ಕಷ್ಟೆ. ಸಂಶೋಧನೆಗೆಂದೇ ಇರುವ ದೊಡ್ಡ ಸಂಸ್ಥೆಯವರಿಗೂ ಇವರಿಗೂ ಎಣಿಸುವ ವಸ್ತು ಮಾತ್ರ ಒಂದೇ: ಪೇಪರ್. ಸಮಯ ಮತ್ತು ಸೌಕರ್ಯ ಕೊಡದೆ ಫಲ ಮಾತ್ರ ಕೇಳಿದಾಗ ಕೆಲವರು ಕಷ್ಟಪಟ್ಟು ಬರೆಯುತ್ತಾರೆ. ಕೆಲವರು ದುಡ್ಡು ಕೊಟ್ಟು ಮುಗಿಸಿಕೊಳ್ಳುತ್ತಾರೆ. ಎರಡಕ್ಕೂ ಸಿಗುವ ಅಂಕ ಒಂದೇ ಆದರೆ ಜಾಸ್ತಿ ಜನ ಯಾವ ದಾರಿ ಹಿಡಿದಾರು?

ದುಡ್ಡು ಕೊಟ್ಟರೆ ಪ್ರಕಟ

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಬೇಕು. ಲೇಖಕರಿಂದ ಹಣ ತೆಗೆದುಕೊಳ್ಳುವ ಜರ್ನಲ್‌ಗಳೆಲ್ಲ ಮೋಸದವಲ್ಲ. ಹಳೆಯ ಪದ್ಧತಿಯಲ್ಲಿ ಓದುವವರು, ಅಂದರೆ ಗ್ರಂಥಾಲಯಗಳು, ಚಂದಾ ಕಟ್ಟುತ್ತಿದ್ದವು. 'ಓಪನ್ ಆ್ಯಕ್ಸೆಸ್' ಪದ್ಧತಿಯಲ್ಲಿ ಓದು ಎಲ್ಲರಿಗೂ ಉಚಿತ. ಆ ಖರ್ಚನ್ನು ಹೆಚ್ಚಿನ ಕಡೆ ಲೇಖಕರು ಅಥವಾ ಅವರ ಸಂಸ್ಥೆ ಕೊಡುತ್ತದೆ. 2020ರಲ್ಲಿ 'ನೇಚರ್' ಪತ್ರಿಕೆ ಓಪನ್ ಆ್ಯಕ್ಸೆಸ್‌ಗೆ ಘೋಷಿಸಿದ ಶುಲ್ಕ ಒಂದು ಪೇಪರ್‌ಗೆ 9,500 ಯೂರೊ. ಅದು ದುಬಾರಿ ಎಂದು ಬೈಯಬಹುದು, ಮೋಸ ಎನ್ನಲಾಗದು. ಪೇಪರ್ ಒಪ್ಪುವುದೂ ಬಿಡುವುದೂ ಅಲ್ಲಿ ಪರಿಶೀಲನೆಯ ಮೇಲೆ ನಿಂತಿದೆ.

ಮೋಸದ ಜರ್ನಲ್ ಆ ಪರಿಶೀಲನೆಯನ್ನೇ ತೆಗೆದುಹಾಕುತ್ತದೆ. ಹಣ ಬಂದರೆ ಸಾಕು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಡೆನ್ವರ್ ಕ್ಯಾಂಪಸ್ಸಿನ ಗ್ರಂಥಪಾಲಕ ಜೆಫ್ರಿ ಬೀಲ್ ಇವಕ್ಕೆ 'ಪ್ರಿಡೇಟರಿ' (ಬೇಟೆಗಾರ) ಎಂದು ಹೆಸರಿಟ್ಟು ಪಟ್ಟಿ ಮಾಡುತ್ತಿದ್ದರು. 2017ರ ಜನವರಿಯಲ್ಲಿ ಆ ಪಟ್ಟಿ ನಿಂತಿತು.

ಭಾರತಕ್ಕೆ ಈ ಕಥೆಯಲ್ಲಿ ದೊಡ್ಡ ಪಾತ್ರವಿದೆ. 2013ರಲ್ಲಿ 'ಸೈನ್ಸ್' ಪತ್ರಿಕೆಗಾಗಿ ಜಾನ್ ಬೊಹಾನನ್ ಒಂದು ಪರೀಕ್ಷೆ ಮಾಡಿದರು. ಮೇಲ್ನೋಟಕ್ಕೇ ತಪ್ಪು ಕಾಣುವ ಕಲ್ಪಿತ ಪೇಪರ್ ಒಂದನ್ನು ಸಿದ್ಧಪಡಿಸಿ 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು, 98 ತಿರಸ್ಕರಿಸಿದವು. ಭಾರತದಲ್ಲಿ ನೆಲೆ ಇರುವ ಜರ್ನಲ್‌ಗಳಲ್ಲಿ 64 ಒಪ್ಪಿದವು, 15 ಮಾತ್ರ ಬೇಡ ಎಂದವು. 2015ರಲ್ಲಿ ಶೆನ್ ಮತ್ತು ಬ್ಯೋರ್ಕ್ ಎಂಬ ಸಂಶೋಧಕರು ಅಂದಾಜು ಮಾಡಿದಂತೆ, ಇಂಥ ಜರ್ನಲ್‌ಗಳಲ್ಲಿ 2010ರಲ್ಲಿ ಬಂದ ಲೇಖನಗಳು ಸುಮಾರು 53,000. 2014ರ ಹೊತ್ತಿಗೆ ಅದು 4.2 ಲಕ್ಷ. ಬರೆದವರಲ್ಲಿ ಮುಕ್ಕಾಲು ಪಾಲು ಏಷ್ಯಾ, ಆಫ್ರಿಕಾದವರು.

ಏಷ್ಯಾ, ಆಫ್ರಿಕಾ ಎಂದ ಕೂಡಲೇ ಇಲ್ಲಿನವರ ನೀತಿಯ ಮೇಲೆ ಮಾತು ಹೋಗುತ್ತದೆ. ನಿಯಮಗಳ ಮೇಲೆ ಹೋಗುವುದು ಕಡಿಮೆ. ಪೇಪರ್ ಎಣಿಸಿ ಅಂಕ ಕೊಡುವ ನಿಯಮ 2010ರಲ್ಲಿ ಬಂತು, ಮುಂದಿನ ನಾಲ್ಕೇ ವರ್ಷಗಳಲ್ಲಿ ಇಂಥ ಲೇಖನಗಳು ಎಂಟು ಪಟ್ಟು ಬೆಳೆದವು. ಜಗತ್ತಿನ ಅಷ್ಟೂ ಬೆಳವಣಿಗೆಗೆ ನಮ್ಮ ಒಂದು ನಿಯಮವೇ ಕಾರಣ ಎಂದರೆ ಅತಿಯಾದೀತು. ಭಾರತದ ಪಾಲಿಗೆ ಅದು ಕಾರಣವಲ್ಲ ಎನ್ನುವುದು ಇನ್ನೂ ಕಷ್ಟ.

ಕಾನೂನು ಮುಟ್ಟಿದ ದೊಡ್ಡ ಪ್ರಕರಣ ಹೈದರಾಬಾದಿನ ಒಮಿಕ್ಸ್ ಸಮೂಹದ್ದು. ಪರಿಶೀಲನೆ ಮತ್ತು ಶುಲ್ಕದ ಬಗ್ಗೆ ಸಂಶೋಧಕರನ್ನು ದಾರಿ ತಪ್ಪಿಸಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಅದರ ಮೇಲೆ ಮೊಕದ್ದಮೆ ಹಾಕಿತು. 2019ರಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರ್‌ಗೂ ಜಾಸ್ತಿ ಕಟ್ಟುವಂತೆ ಆದೇಶಿಸಿತು. ಭಾರತದಲ್ಲಿ ನೆಲೆಯಿದ್ದ ಕಂಪನಿಯ ಮೇಲೆ ಕ್ರಮ ಬಂದದ್ದು ಅಮೆರಿಕದಿಂದ ಎಂಬುದನ್ನು ಗಮನಿಸಬೇಕು.

ಪಟ್ಟಿ ಬಂದ ಕಥೆ, ಹೋದ ಕಥೆ

ಮೋಸ ಹೆಚ್ಚಾದಾಗ ಯುಜಿಸಿ ಹಿಡಿದ ದಾರಿ ಪಟ್ಟಿಯದು. 2017ರ ಜನವರಿಯಲ್ಲಿ 'ಅನುಮೋದಿತ ಜರ್ನಲ್'ಗಳ ಪಟ್ಟಿ ಬಂತು. ಅದರಲ್ಲಿ 38,000ಕ್ಕೂ ಹೆಚ್ಚು ಹೆಸರುಗಳಿದ್ದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದವೂ ಒಳಗೆ ನುಗ್ಗಿದವು. ಮರುವರ್ಷ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಭೂಷಣ ಪಟವರ್ಧನ್ ಮತ್ತು ಸಂಗಡಿಗರ ವಿಶ್ಲೇಷಣೆ ಬಂತು. ವಿಶ್ವವಿದ್ಯಾಲಯಗಳು ಸೂಚಿಸಿದ ಜರ್ನಲ್‌ಗಳಲ್ಲಿ ಅವರು ಪರಿಶೀಲಿಸಿದ 1,009ರ ಪೈಕಿ ಶೇ. 88ರಷ್ಟು ಕಳಪೆ ಎಂದು ಅದು ಹೇಳಿತು. 2018ರ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ಕಿತ್ತುಹಾಕಿತು.

ಆ ಶೇ. 88ರ ಲೆಕ್ಕವನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

2018ರ ಕೊನೆಯಲ್ಲಿ 'ಕೇರ್' ವ್ಯವಸ್ಥೆ ಘೋಷಣೆಯಾಗಿ, 2019ರ ಜೂನ್‌ನಲ್ಲಿ ಹೊಸ ಪಟ್ಟಿ ಜಾರಿಗೆ ಬಂತು. ಜರ್ನಲ್ ಪರಿಶೀಲಿಸುವ ಘಟಕ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿತ್ತು. ಒಂದನೇ ಗುಂಪಿನಲ್ಲಿ ಈ ಘಟಕ ತೂಗಿ ನೋಡಿದ ಜರ್ನಲ್‌ಗಳು. ಎರಡನೇ ಗುಂಪಿನಲ್ಲಿ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಅಂತರರಾಷ್ಟ್ರೀಯ ಸೂಚಿಗಳಲ್ಲಿ ಇರುವವು.

ಹಳೆಯ ಪಟ್ಟಿಗಿಂತ ಇದು ಎಷ್ಟೋ ಮೇಲು. ಆದರೂ ದೂರುಗಳು ನಿಲ್ಲಲಿಲ್ಲ. ಹೊಸ ಜರ್ನಲ್ ಸೇರಿಸಲು ಸಿಕ್ಕಾಪಟ್ಟೆ ತಡ. ಯಾಕೆ ತೆಗೆದರು, ಯಾಕೆ ಸೇರಿಸಿದರು ಎಂಬುದು ಸ್ಪಷ್ಟವಿಲ್ಲ. ಭಾರತೀಯ ಭಾಷೆಗಳಿಗೆ ಜಾಗ ಕಡಿಮೆ. ಪೇಪರ್ ಬಂದ ಮೇಲೆ ಜರ್ನಲ್ ಪಟ್ಟಿಯಿಂದ ಹೊರಬಿದ್ದರೆ ಬರೆದವರು ನಡುನೀರಿನಲ್ಲಿ. ಇನ್ನು 'ಕ್ಲೋನ್' ಜರ್ನಲ್‌ಗಳ ಕಾಟ. ಪಟ್ಟಿಯಲ್ಲಿರುವ ಒಂದು ಒಳ್ಳೆಯ ಪತ್ರಿಕೆಯ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಕಲಿ ಜಾಲತಾಣ ತೆರೆಯುವುದು, ಅದರ ಹೆಸರಲ್ಲಿ ಹಣ ವಸೂಲಿ ಮಾಡುವುದು. ನಿಜವಾದ ಸಂಪಾದಕರಿಗೆ ತಮ್ಮ ಪತ್ರಿಕೆಗೆ ಇನ್ನೊಂದು ರೂಪ ಇದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಕೊನೆಗೆ ತಜ್ಞರ ಸಮಿತಿಯ ಸಲಹೆಯ ಮೇಲೆ ಯುಜಿಸಿ ಪಟ್ಟಿ ಕೈಬಿಟ್ಟಿತು. ಬದಲಿಗೆ ಕೆಲವು ಮಾನದಂಡ ಸೂಚಿಸಿತು. ಸಂಪಾದಕ ಮಂಡಳಿ ಹೇಗಿದೆ, ಪರಿಶೀಲನಾ ಪದ್ಧತಿ ಏನು, ನೀತಿ ನಿಯಮ ಪ್ರಕಟಿಸಿದೆಯೇ, ಯಾವ ಸೂಚಿಗಳಲ್ಲಿದೆ ಎಂದೆಲ್ಲ ನೋಡಿ ಸಂಸ್ಥೆಗಳೇ ತೀರ್ಮಾನಿಸಬೇಕು. ಇವು 'ಸಲಹೆ' ಮಾತ್ರ, ಕಡ್ಡಾಯವಲ್ಲ.

ಪಟ್ಟಿ ಬೇಕು ಎನ್ನುವವರು, ಬೇಡ ಎನ್ನುವವರು

ಬೇಡ ಎನ್ನುವವರ ವಾದದಲ್ಲಿ ಹುರುಳಿದೆ. ಭೌತಶಾಸ್ತ್ರ, ಶಾಸನಶಾಸ್ತ್ರ, ಕೃಷಿ ಅರ್ಥಶಾಸ್ತ್ರ ಎಲ್ಲದರ ಜರ್ನಲ್‌ಗಳನ್ನೂ ಒಂದು ಕಚೇರಿ ಅಳೆಯುವುದು ಆಗದ ಮಾತು. ಯಾವ ಪತ್ರಿಕೆ ಒಳ್ಳೆಯದು ಎಂದು ಆಯಾ ವಿಷಯದವರಿಗೇ ಗೊತ್ತಿರುತ್ತದೆ. ಪಟ್ಟಿ ಇದ್ದಾಗ ಪೇಪರ್ ಓದುವ ಕೆಲಸವೇ ತಪ್ಪಿಹೋಗಿತ್ತು. ಆಯ್ಕೆ ಸಮಿತಿಯವರು ಪಟ್ಟಿಯಲ್ಲಿ ಹೆಸರಿದೆಯೇ ನೋಡಿ ಟಿಕ್ ಹಾಕಿದರೆ ಮುಗಿಯಿತು.

ಬೇಕು ಎನ್ನುವವರು ಶೇ. 88ರ ಲೆಕ್ಕ ಎತ್ತಿ ತೋರಿಸುತ್ತಾರೆ. ವಿಶ್ವವಿದ್ಯಾಲಯಗಳ ಕೈಗೆ ಬಿಟ್ಟಾಗ ಏನಾಯಿತು ಎಂಬುದನ್ನು 2017ರಲ್ಲೇ ನೋಡಿ ಆಗಿದೆ. ಅದೇ ವಿಶ್ವವಿದ್ಯಾಲಯಗಳಿಗೆ ಈಗ ಪೂರ್ತಿ ಜವಾಬ್ದಾರಿ ಕೊಟ್ಟರೆ ಬೇರೆ ಫಲ ಬರುತ್ತದೆ ಎಂದು ನಂಬಲು ಕಾರಣ ಏನು? ಸಮಿತಿಯಲ್ಲಿ ಕೂರುವವರು ಮತ್ತು ಪೇಪರ್ ತಂದವರು ಎಷ್ಟೋ ಸಲ ಒಂದೇ ವಿಭಾಗದ ಪರಿಚಿತರು. "ಇರಲಿ ಬಿಡಿ ಸಾರ್" ಎನ್ನುವುದು ಸುಲಭ, "ಈ ಜರ್ನಲ್ ನಡೆಯುವುದಿಲ್ಲ" ಎನ್ನುವುದು ಕಷ್ಟ. ಕೇಂದ್ರದ ಪಟ್ಟಿ ಆ ಕೆಟ್ಟ ಹೆಸರನ್ನು ತಾನು ಹೊತ್ತುಕೊಂಡಿತ್ತು.

ನನಗೆ ಕಾಣುವಂತೆ ಎರಡು ಬಣವೂ ಅರ್ಧ ಸರಿ. ಆದರೆ ಜಗಳ ನಡೆಯುತ್ತಿರುವ ಜಾಗ ಸರಿಯಿಲ್ಲ. ಪೇಪರ್ ಎಣಿಕೆ ಇರುವ ತನಕ ಪಟ್ಟಿ ಇದ್ದರೆ ಮೋಸ ಪಟ್ಟಿಯೊಳಗೆ ನುಗ್ಗುತ್ತದೆ. ಪಟ್ಟಿ ಇಲ್ಲದಿದ್ದರೆ ಸಮಿತಿಯೊಳಗೆ ನುಗ್ಗುತ್ತದೆ.

ಈ ಮಧ್ಯೆ ಆಗುವ ಪರಿಣಾಮಗಳನ್ನು ಊಹಿಸುವುದು ಕಷ್ಟವಲ್ಲ. ಒಂದು ವಿಶ್ವವಿದ್ಯಾಲಯ ಒಪ್ಪಿದ ಜರ್ನಲ್ಲನ್ನು ಇನ್ನೊಂದು ಒಪ್ಪದಿರಬಹುದು. ಅಂಥ ತಕರಾರು ಕೋರ್ಟ್ ಮೆಟ್ಟಿಲು ಹತ್ತಬಹುದು. ಅದಕ್ಕೆ ಹೆದರಿದ ಸಂಸ್ಥೆಗಳು ಯಾರೂ ಪ್ರಶ್ನಿಸದ ಅಳತೆ ಹುಡುಕುತ್ತವೆ. ಅದು ಸಿದ್ಧವಾಗಿಯೇ ಇದೆ: ಸ್ಕೋಪಸ್. ಸರಕಾರಿ ಪಟ್ಟಿ ಹೋದ ಜಾಗಕ್ಕೆ ಒಂದು ಖಾಸಗಿ ಕಂಪನಿಯ ಪಟ್ಟಿ ಬಂದು ಕೂರುತ್ತದೆ. ಸ್ಕೋಪಸ್‌ನ ಒಡೆತನ ಎಲ್ಸೆವಿಯರ್‌ದು. ಜಗತ್ತಿನ ಅತಿ ದೊಡ್ಡ ಜರ್ನಲ್ ಪ್ರಕಾಶಕರಲ್ಲಿ ಅದೂ ಒಂದು. ಆಡುವವರೇ ಅಂಕ ಬರೆಯುವ ಪುಸ್ತಕವನ್ನೂ ಇಟ್ಟುಕೊಂಡಿದ್ದಾರೆ ಎಂಬ ಟೀಕೆ ಇರುವುದು ಇದಕ್ಕೇ.

ಕನ್ನಡದಲ್ಲಿ ಬರೆಯುವವರು ಎಲ್ಲಿಗೆ ಹೋಗಬೇಕು?

ಈ ಬದಲಾವಣೆಯ ಪೆಟ್ಟು ಹೆಚ್ಚು ಬೀಳುವುದು ಇಲ್ಲಿ. ಸ್ಕೋಪಸ್ ಮುಖ್ಯವಾಗಿ ಇಂಗ್ಲಿಷ್ ಲೋಕದ ಸೂಚಿ. ಹಳಗನ್ನಡ ಪಠ್ಯ, ಶಾಸನ, ಜನಪದ, ಸ್ಥಳೀಯ ಚರಿತ್ರೆ ಇವುಗಳ ಮೇಲೆ ಕನ್ನಡದಲ್ಲಿ ಬರೆಯುವವರಿಗೆ ಅಲ್ಲಿ ಬಾಗಿಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಕನ್ನಡಕ್ಕೆ ವಿದ್ವತ್ ಪತ್ರಿಕೆಯ ಪರಂಪರೆ ಇಲ್ಲವೇ ಎಂದರೆ, ಖಂಡಿತ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಷ್ಟು ಹಳೆಯದು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ನಾಟಕ' ಆರಂಭಿಸಿದರು. ಮುಂದೆ ಅದು ಮೈಸೂರು ವಿಶ್ವವಿದ್ಯಾಲಯದ ಕೈಸೇರಿತು. ಯಾವ ಅಂಕದ ಆಸೆಯೂ ಇಲ್ಲದ ಕಾಲದಲ್ಲಿ ಅಲ್ಲಿ ಗಟ್ಟಿ ಬರಹ ಬಂತು. ಅವುಗಳ ಹಿಂದೆ ಇದ್ದದ್ದು ಸಂಪಾದಕರ ಓದು ಮತ್ತು ನಿಷ್ಠುರತೆ.

ಇಂದಿನ ಅಂಕದ ವ್ಯವಸ್ಥೆಗೆ ಬೇಕಾದ್ದು ಬೇರೆ. ಹೊರಗಿನ ಪರಿಶೀಲಕರ ಹೆಸರಿಲ್ಲದ ವರದಿ, ಜಾಲತಾಣದಲ್ಲಿ ನೀತಿ ಸಂಹಿತೆ, ಪ್ರತಿ ಲೇಖನವನ್ನು ಗುರುತಿಸುವ ಡಿಒಐ ಸಂಖ್ಯೆ, ತಪ್ಪದಂತೆ ಸಂಚಿಕೆ. ಒಬ್ಬಿಬ್ಬರು ಪ್ರೀತಿಯಿಂದ ನಡೆಸುವ ಕನ್ನಡದ ಸಣ್ಣ ಪತ್ರಿಕೆಗೆ ಇದನ್ನೆಲ್ಲ ಮಾಡುವ ಕೈಗಳೂ ಇಲ್ಲ, ಕಾಸೂ ಇಲ್ಲ. ಮೋಸದ ಜರ್ನಲ್ ಮಾತ್ರ ಇವನ್ನೆಲ್ಲ ಒಂದು ವಾರದಲ್ಲಿ ಜೋಡಿಸಿಕೊಳ್ಳಬಲ್ಲದು. ಹೀಗಾಗಿ ಹೊರಗಿನ ಲಕ್ಷಣ ನೋಡಿ ತೀರ್ಮಾನಿಸಿದರೆ ಪ್ರಾಮಾಣಿಕರು ಸೋಲುತ್ತಾರೆ. ಕೇರ್‌ನ ಒಂದನೇ ಗುಂಪು ಅರೆಬರೆಯಾದರೂ ಭಾರತೀಯ ಭಾಷೆಗಳ ಪತ್ರಿಕೆಗಳಿಗೆ ಒಂದು ಅಧಿಕೃತ ಗುರುತು ಕೊಟ್ಟಿತ್ತು. ಅದರ ಬದಲಿಗೆ ಕರ್ನಾಟಕದ ವಿಶ್ವವಿದ್ಯಾಲಯಗಳು ಒಟ್ಟಾಗಿ ಕೂತು, ಕನ್ನಡ ಪತ್ರಿಕೆಗಳಿಗೆ ಪರಿಶೀಲಕರನ್ನೂ ಜಾಲತಾಣವನ್ನೂ ಒದಗಿಸಬಹುದು. ದೊಡ್ಡ ಖರ್ಚಿನ ಕೆಲಸವೇನಲ್ಲ.

ದೊಡ್ಡ ಪ್ರಕಾಶಕರೆಂದರೆ ಸುರಕ್ಷಿತವೇ?

ಸ್ಕೋಪಸ್‌ನಲ್ಲಿದ್ದರೆ, ವಿದೇಶಿ ಪ್ರಕಾಶಕರಾದರೆ ಚಿಂತೆಯಿಲ್ಲ ಎಂಬ ನಂಬಿಕೆ ಜಾಸ್ತಿ ಇದೆ. ಎಲ್ಲರ ಮನೆ ದೋಸೆಯೂ ತೂತೇ ಎಂಬುದು ಇಲ್ಲಿ ಅಕ್ಷರಶಃ ನಿಜ.

2021ರಲ್ಲಿ ಅಮೆರಿಕದ ವೈಲಿ ಕಂಪನಿ 29.8 ಕೋಟಿ ಡಾಲರ್ ಕೊಟ್ಟು ಹಿಂಡಾವಿ ಎಂಬ ಓಪನ್ ಆ್ಯಕ್ಸೆಸ್ ಪ್ರಕಾಶನ ಕೊಂಡಿತು. ಹಿಂಡಾವಿಯ ಜರ್ನಲ್‌ಗಳು 'ವಿಶೇಷ ಸಂಚಿಕೆ'ಗಳನ್ನು ಹೇರಳವಾಗಿ ತರುತ್ತಿದ್ದವು. ಪ್ರತಿ ಸಂಚಿಕೆಗೂ ಅತಿಥಿ ಸಂಪಾದಕರು. ಹೆಚ್ಚು ಸಂಚಿಕೆ ಬಂದರೆ ಹೆಚ್ಚು ಪೇಪರ್, ಹೆಚ್ಚು ಪೇಪರ್ ಬಂದರೆ ಹೆಚ್ಚು ಶುಲ್ಕ. ಈ ಬಾಗಿಲಿನಿಂದ 'ಪೇಪರ್ ಮಿಲ್'ಗಳು ಒಳಗೆ ಬಂದವು. ಪೇಪರ್ ಮಿಲ್ ಎಂದರೆ ಸುಳ್ಳು ಸಂಶೋಧನೆ ಬರೆದು, ಲೇಖಕರ ಪಟ್ಟಿಯಲ್ಲಿ ಜಾಗ ಮಾರುವ ದಂಧೆ. ಪರಿಶೀಲನೆಯ ಹಂತವನ್ನೂ ತಮ್ಮವರಿಂದಲೇ ಮಾಡಿಸಿದರು. 2023ರಲ್ಲಿ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಪೇಪರ್‌ಗಳು ವಾಪಸಾದವು. ಅವುಗಳಲ್ಲಿ 8,000ಕ್ಕೂ ಹೆಚ್ಚು ಹಿಂಡಾವಿಯವು. ವೈಲಿ ಆ ಹೆಸರನ್ನೇ ಕೈಬಿಡಬೇಕಾಯಿತು. ಮೊದಲ ಎಚ್ಚರಿಕೆ ಕೊಟ್ಟವರು ಹೊರಗಿನವರು. ಎಷ್ಟೋ ಜನ ಸಂಬಳವಿಲ್ಲದೆ, ಸುಮ್ನೆ ಕುತೂಹಲದಿಂದ ಪೇಪರ್ ಜಾಲಾಡುವ ಪತ್ತೇದಾರರು.

ಕೋವಿಡ್ ಕಾಲದ್ದು ಇನ್ನೊಂದು ಕಥೆ. 2020ರ ಮೇ 22ರಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಔಷಧ ಅಪಾಯಕಾರಿ ಎಂಬ ಅಧ್ಯಯನ ಬಂತು. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪರೀಕ್ಷೆಯಲ್ಲಿ ಆ ಔಷಧದ ಭಾಗವನ್ನು ತಡೆಹಿಡಿಯಿತು. ದತ್ತಾಂಶ ಕೊಟ್ಟದ್ದು ಸರ್ಜಿಸ್ಫಿಯರ್ ಎಂಬ ಸಣ್ಣ ಕಂಪನಿ. ಮೂಲ ದಾಖಲೆ ತೋರಿಸಿ ಎಂದಾಗ ಅದು ತೋರಿಸಲಿಲ್ಲ. ಜೂನ್ 4ರಂದು ಪೇಪರ್ ವಾಪಸ್.

ಈಗ ಎಐ ಬಂದಿದೆ. 2024ರ ಫೆಬ್ರವರಿಯಲ್ಲಿ 'ಫ್ರಾಂಟಿಯರ್ಸ್' ಸಮೂಹದ ಒಂದು ಜರ್ನಲ್‌ನಲ್ಲಿ ಎಐ ಬಿಡಿಸಿದ ಇಲಿಯ ಚಿತ್ರ ಬಂತು. ಅಂಗಾಂಗಗಳ ಅಳತೆ ಅಸಂಬದ್ಧ, ಜೊತೆಯಲ್ಲಿದ್ದ ಪದಗಳಿಗೆ ಅರ್ಥವೇ ಇಲ್ಲ. ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಮರುತಿಂಗಳು ಎಲ್ಸೆವಿಯರ್‌ನ ಒಂದು ಪೇಪರ್ ಸುದ್ದಿಯಾಯಿತು. ಅದರ ಪೀಠಿಕೆ ಶುರುವಾಗುವುದೇ "ಖಂಡಿತ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಇಲ್ಲಿದೆ" ಎಂಬ ಅರ್ಥದ ಚಾಟ್‌ಬಾಟ್ ಸಾಲಿನಿಂದ! ಲೇಖಕರು, ಪರಿಶೀಲಕರು, ಸಂಪಾದಕರು, ಕರಡು ತಿದ್ದುವವರು ಯಾರೂ ಮೊದಲ ಸಾಲನ್ನೇ ಓದಿರಲಿಲ್ಲ ಎಂದಾಯಿತು.

ಪರಿಶೀಲಕರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಎಲ್ಸೆವಿಯರ್ ಸೇರಿರುವ ರೆಲ್ಕ್ಸ್ ಸಮೂಹದ ವಿಜ್ಞಾನ ವಿಭಾಗದ ಲಾಭ ಮಾತ್ರ ಆದಾಯದ ಶೇ. 38ರ ಹತ್ತಿರ. ಇಷ್ಟು ಲಾಭ ಇರುವ ಕಡೆ ಓದಿ ನೋಡಲು ಜನ ಇಡುವುದು ಆಗದ ಕೆಲಸವೇ?

ವಾಪಸ್ ಪಡೆಯುವುದು ಶಿಕ್ಷೆಯೋ ತಿದ್ದುಪಡಿಯೋ

ಈಗ ನೆಗೆಟಿವ್ ಅಂಕದ ವಿಷಯ. ಎನ್‌ಐಆರ್‌ಎಫ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಕೊಡುವ ಅಂಕದಲ್ಲಿ ಸಂಶೋಧನೆಯ ತೂಕ 100ಕ್ಕೆ 30. ಪ್ರಕಟಣೆಗಳ ಸಂಖ್ಯೆಗೆ ಮತ್ತು ಅವನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ ಎಂಬುದಕ್ಕೆ ಅದರಲ್ಲಿ ದೊಡ್ಡ ಪಾಲು. ಇದರ ಬೆನ್ನು ಹತ್ತಿದವರು ಏನೆಲ್ಲ ಮಾಡಬಲ್ಲರು ಎಂಬುದಕ್ಕೆ ಚೆನ್ನೈನ ಒಂದು ಡೆಂಟಲ್ ಕಾಲೇಜಿನ ಬಗ್ಗೆ 2023ರಲ್ಲಿ 'ಸೈನ್ಸ್' ಪ್ರಕಟಿಸಿದ ವರದಿ ಸಾಕ್ಷಿ. ಪದವಿ ವಿದ್ಯಾರ್ಥಿಗಳು ಪರೀಕ್ಷೆಯ ಭಾಗವಾಗಿ ಪೇಪರ್ ಬರೆಯುತ್ತಿದ್ದರು. ಆಮೇಲೆ ಅವುಗಳಿಗೆ ಅದೇ ಕಾಲೇಜಿನ ಹಳೆಯ ಪೇಪರ್‌ಗಳ ಉಲ್ಲೇಖ ಸೇರಿಸಿ ಪ್ರಕಟಿಸುತ್ತಿದ್ದರು ಎಂಬುದು ವರದಿಯ ಸಾರ. ಉಲ್ಲೇಖ ಏರಿತು, ರ‍್ಯಾಂಕೂ ಏರಿತು.

ಹೀಗಿರುವಾಗ ದಂಡ ಹಾಕುವುದು ಸರಿ ಎಂದೇ ಅನಿಸುತ್ತದೆ. ಆದರೆ ದಂಡ ಬೀಳುತ್ತಿರುವುದು ಯಾವುದರ ಮೇಲೆ ಎಂದು ನೋಡಬೇಕು. ಸುಳ್ಳು ಪೇಪರ್ ಬರೆದದ್ದಕ್ಕೆ ಅಂಕ ಹೋಗುವುದಿಲ್ಲ. ಅದು ವಾಪಸಾದರೆ ಮಾತ್ರ ಹೋಗುತ್ತದೆ. ಸುಳ್ಳು ಬರೆದು ಸಿಕ್ಕಿಬೀಳದಿದ್ದರೆ ಅಂಕ ಪ್ಲಸ್‌ನಲ್ಲೇ ಉಳಿಯುತ್ತದೆ.

ವಾಪಸ್ ಪಡೆಯುವುದು ಸದಾ ಕಳ್ಳತನದ ಗುರುತೂ ಅಲ್ಲ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್, 2020ರ ಜನವರಿಯಲ್ಲಿ ತಮ್ಮದೇ ಒಂದು ಪೇಪರ್ ವಾಪಸ್ ಪಡೆದರು. ಪ್ರಯೋಗ ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ, ಕ್ಷಮಿಸಿ ಎಂದು ಬಹಿರಂಗವಾಗಿ ಹೇಳಿದರು. ಅವರ ಗೌರವ ಇದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯದು ಬೇರೆ ಬಗೆಯ ಪ್ರಕರಣ. ಅಲ್ಲಿನ ತಂಡ 2020ರಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಲ್ಲಿ ಪ್ರಕಟಿಸಿದ ಪೇಪರ್‌ನ ಚಿತ್ರಗಳ ಬಗ್ಗೆ 'ಪಬ್‌ಪಿಯರ್' ಎಂಬ ಜಾಲತಾಣದಲ್ಲಿ ಓದುಗರು ಪ್ರಶ್ನೆ ಎತ್ತಿದರು. ಸಂಸ್ಥೆ ತನಿಖೆ ಮಾಡಿತು, ಚಿತ್ರ ತಿರುಚಿದ್ದು ಒಪ್ಪಿಕೊಂಡಿತು, 2021ರಲ್ಲಿ ಪೇಪರ್ ವಾಪಸಾಯಿತು. ತಪ್ಪು ನಡೆದದ್ದು ನಿಜ. ಸಂಸ್ಥೆ ಅದನ್ನು ಮುಚ್ಚಿಡಲಿಲ್ಲ ಎಂಬುದೂ ನಿಜ.

ಹೊಸ ಲೆಕ್ಕದಲ್ಲಿ ಈ ಎರಡಕ್ಕೂ, ಪೇಪರ್ ಮಿಲ್‌ನಿಂದ ಕೊಂಡದ್ದಕ್ಕೂ ವ್ಯತ್ಯಾಸ ಮಾಡದಿದ್ದರೆ ಪರಿಣಾಮ ಉಲ್ಟಾ ಆಗುತ್ತದೆ. ತನಿಖೆ ಮಾಡುವ ಸಂಸ್ಥೆ ಅಂಕ ಕಳೆದುಕೊಳ್ಳುತ್ತದೆ, ಮುಚ್ಚಿಡುವ ಸಂಸ್ಥೆ ಉಳಿಸಿಕೊಳ್ಳುತ್ತದೆ. ತಪ್ಪು ಹೇಳಿಕೊಳ್ಳಲು ಬಂದ ಕಿರಿಯ ಸಂಶೋಧಕರಿಗೆ "ರ‍್ಯಾಂಕಿಂಗ್ ಮುಗಿಯಲಿ, ಆಮೇಲೆ ನೋಡೋಣ" ಎಂದು ಮೇಲಿನವರು ಹೇಳುವ ದಿನ ಬರಬಹುದು.

ಪ್ರಕಟಣಾ ನೀತಿಯ ಅಂತರರಾಷ್ಟ್ರೀಯ ಸಮಿತಿ 'ಕೋಪ್' 1997ರಿಂದ ಇದೆ. ವಾಪಸ್ ಪಡೆಯುವುದರ ಉದ್ದೇಶ ದಾಖಲೆ ಸರಿಪಡಿಸುವುದೇ ಹೊರತು ಲೇಖಕರನ್ನು ಶಿಕ್ಷಿಸುವುದಲ್ಲ ಎಂದು ಅದರ ಮಾರ್ಗಸೂಚಿ ಹೇಳುತ್ತದೆ. ವಾಪಸಾತಿ ಸೂಚನೆಯಲ್ಲಿ ಕಾರಣವನ್ನೂ ಯಾರು ವಾಪಸ್ ಪಡೆಯುತ್ತಿದ್ದಾರೆ ಎಂಬುದನ್ನೂ ಬರೆಯಬೇಕು ಎನ್ನುತ್ತದೆ. ಆ ಮಾಹಿತಿ ಇದ್ದರೆ ಎನ್‌ಐಆರ್‌ಎಫ್ ಸಹ ಬೇರೆ ಬೇರೆ ಲೆಕ್ಕ ಹಾಕಬಹುದು. ಲೇಖಕರೇ ಮುಂದೆ ಬಂದು ವಾಪಸ್ ಪಡೆದದ್ದಕ್ಕೆ ದಂಡ ಬಿಡಬಹುದು, ಪ್ರಕಾಶಕರು ಮೋಸ ಹಿಡಿದು ತೆಗೆದದ್ದಕ್ಕೆ ಹಾಕಬಹುದು.

ಶೇಕಡಾ ಲೆಕ್ಕದ ನೀತಿ

ನೀತಿ ಎಂದ ಕೂಡಲೇ ಇಲ್ಲಿ ಎಲ್ಲರಿಗೂ ನೆನಪಾಗುವುದು ಪ್ಲೇಜಿಯರಿಸಂ (ಕೃತಿಚೌರ್ಯ) ಹಿಡಿಯುವ ಸಾಫ್ಟ್‌ವೇರ್ ಕೊಡುವ ಶೇಕಡಾ. 2018ರ ಯುಜಿಸಿ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40 ಇದ್ದರೆ ಥೀಸಿಸ್ ತಿದ್ದಿ ಕೊಡಬೇಕು. 40ರಿಂದ 60ಕ್ಕೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿ ರದ್ದು. ನಿಯಮ ಇರುವುದು ಒಳ್ಳೆಯದೇ. ಆದರೆ ಈ ಸಂಖ್ಯೆ ಪದಗಳ ಹೋಲಿಕೆ ಮಾತ್ರ ಹಿಡಿಯುತ್ತದೆ. ಕದ್ದ ವಿಚಾರ, ಹುಟ್ಟಿಸಿದ ಅಂಕಿಅಂಶ, ತಿರುಚಿದ ಚಿತ್ರ, ದುಡ್ಡಿಗೆ ಬಂದ ಲೇಖಕರ ಹೆಸರು ಇವಕ್ಕೆ ಅದು ಕುರುಡು.

ಲೇಖಕರ ಹೆಸರಿನ ವಿಷಯ ಬಹಳ ಜನ ಹಗುರವಾಗಿ ತೆಗೆದುಕೊಳ್ಳುವಂಥದ್ದು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕ ಎನಿಸಿಕೊಳ್ಳಲು ನಾಲ್ಕು ಷರತ್ತು. ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು ಇರಬೇಕು, ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಪೂರ್ತಿ ಕೆಲಸಕ್ಕೆ ಉತ್ತರ ಕೊಡಲು ಸಿದ್ಧವಿರಬೇಕು. ನಾಲ್ಕೂ ಬೇಕು. ಎಐ ಲೇಖಕ ಆಗಲಾರದು ಎಂದು ಕೋಪ್ ಹೇಳಿರುವುದೂ ಈ ನಾಲ್ಕನೆಯದರ ಕಾರಣಕ್ಕೆ. ಈ ಅಳತೆಯಲ್ಲಿ ಹಣ ಒದಗಿಸಿದ ಮುಖ್ಯಸ್ಥರು, ಗೈಡ್ ಎಂಬ ಒಂದೇ ಕಾರಣಕ್ಕೆ ಹೆಸರು ಸೇರಿದವರು ಲೇಖಕರಾಗುವುದಿಲ್ಲ. ಆದರೆ ಅಧ್ಯಾಪಕರ ನೇಮಕ, ಬಡ್ತಿಯ 2018ರ ನಿಯಮಾವಳಿಯಲ್ಲಿ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಅಂಕದ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30 ಸಿಗುತ್ತದೆ. ಹಂಚಿಕೊಂಡಷ್ಟೂ ಒಟ್ಟು ಅಂಕ ಬೆಳೆಯುತ್ತದೆ! ನಾಲ್ವರು ಗೆಳೆಯರು ಪರಸ್ಪರ ಹೆಸರು ಹಾಕಿಕೊಂಡರೆ ಎಲ್ಲರಿಗೂ ಲಾಭ. ನೀತಿಯ ಪಾಠ ಒಂದು ಕಡೆ, ಅಂಕದ ಪಾಠ ಇನ್ನೊಂದು ಕಡೆ.

ಪಟ್ಟಿ ಇಲ್ಲದೆ ಜರ್ನಲ್ ನೋಡುವುದು ಹೇಗೆ

ಸದ್ಯಕ್ಕೆ ಪೇಪರ್ ಕಳಿಸಬೇಕಾದವರು ಏನು ಮಾಡಬೇಕು? ಕೆಲವು ಗುರುತುಗಳು ನೆರವಿಗೆ ಬರುತ್ತವೆ. ಸಂಪಾದಕ ಮಂಡಳಿಯಲ್ಲಿ ಹೆಸರಿರುವವರ ಸಂಸ್ಥೆಯ ಪುಟದಲ್ಲಿ ಆ ಜರ್ನಲ್‌ನ ಉಲ್ಲೇಖ ಇದೆಯೇ ನೋಡಬೇಕು. ಅನುಮಾನ ಇದ್ದರೆ ಅವರಿಗೇ ಒಂದು ಮೇಲ್ ಹಾಕಬೇಕು. ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವವರ ಕಡೆ ತಲೆ ಹಾಕಬಾರದು, ಅಷ್ಟರಲ್ಲಿ ಯಾರೂ ಓದಲಾರರು. 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬುದು ಜರ್ನಲ್‌ನ ಪೇಪರ್‌ಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಎಂದು ಕ್ಲಾರಿವೇಟ್ ಕಂಪನಿ ಕೊಡುವ ಅಳತೆ. ಹಿಂದೆ ಮುಂದೆ ಇನ್ನೊಂದು ಪದ ಸೇರಿಸಿಕೊಂಡು ಅದೇ ಹೆಸರಲ್ಲಿ ಓಡಾಡುವವು ಬೇರೆ. ಓಪನ್ ಆ್ಯಕ್ಸೆಸ್ ಆದರೆ ಡಿಒಎಜೆ ಎಂಬ ಉಚಿತ ಸೂಚಿಯಲ್ಲಿ ಹುಡುಕಬಹುದು. ಜಾಲತಾಣದ ವಿಳಾಸವನ್ನು ಆ ಸೂಚಿಯಿಂದಲೇ ತೆರೆದರೆ ಕ್ಲೋನ್ ಕಾಟ ತಪ್ಪುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ: ಆ ಜರ್ನಲ್‌ನ ಮೂರು ಪೇಪರ್ ಕೂತು ಓದುವುದು.

ಹಳೆಯ ಕೇರ್ ಪೇಪರ್‌ಗಳಿದ್ದರೆ, ಪ್ರಕಟವಾದ ದಿನ ಜರ್ನಲ್ ಪಟ್ಟಿಯಲ್ಲಿತ್ತು ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳುವುದು ಜಾಣತನ. ಪಿಎಚ್‌ಡಿ ಮಾಡುವವರು ತಮ್ಮ ವಿಶ್ವವಿದ್ಯಾಲಯದ ಈಗಿನ ನಿಯಮವನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. 2022ರ ನವೆಂಬರ್‌ನ ನಿಯಮದಲ್ಲಿ ಯುಜಿಸಿ ಪೇಪರ್ ಕಡ್ಡಾಯವನ್ನು ತೆಗೆದುಹಾಕಿದೆ. ಆದರೂ ತಮ್ಮ ಮಟ್ಟದಲ್ಲಿ ಅದನ್ನು ಉಳಿಸಿಕೊಳ್ಳಲು ವಿಶ್ವವಿದ್ಯಾಲಯಗಳಿಗೆ ಅಡ್ಡಿ ಇಲ್ಲ. ಆ ಕಡ್ಡಾಯ ತೆಗೆಯುವಾಗ ಯುಜಿಸಿ ಹೇಳಿದ ಕಾರಣ ಕುತೂಹಲದ್ದು. 2,573 ಸಂಶೋಧನಾ ವಿದ್ಯಾರ್ಥಿಗಳ ಅಧ್ಯಯನದಲ್ಲಿ ಸುಮಾರು ಶೇ. 75ರಷ್ಟು ಪೇಪರ್‌ಗಳು ಸ್ಕೋಪಸ್ ಮಟ್ಟದ ಜರ್ನಲ್‌ನಲ್ಲಿ ಬಂದಿರಲಿಲ್ಲ ಎಂದಿತು. ಒತ್ತಾಯ ಮಾಡಿದರೆ ಗುಣಮಟ್ಟ ಬರುವುದಿಲ್ಲ ಎಂದು ಒಪ್ಪಿಕೊಳ್ಳುವಾಗಲೂ ಗುಣಮಟ್ಟ ಅಳೆದದ್ದು ಸ್ಕೋಪಸ್‌ನಿಂದಲೇ.

ಎಣಿಕೆ ನಿಲ್ಲುತ್ತದೆಯೇ?

2025ರ ಜನವರಿಯಲ್ಲಿ ಯುಜಿಸಿ ಅಧ್ಯಾಪಕರ ನೇಮಕ ಮತ್ತು ಬಡ್ತಿಯ ಹೊಸ ಕರಡು ನಿಯಮ ಹೊರತಂದಿತು. ಒಂಬತ್ತು ಬಗೆಯ 'ಗಮನಾರ್ಹ ಕೊಡುಗೆ'ಗಳಲ್ಲಿ ಕನಿಷ್ಠ ನಾಲ್ಕನ್ನು ತೋರಿಸಬೇಕು ಎಂಬುದು ಅದರ ಒಂದು ಅಂಶ. ಹೊಸ ಬಗೆಯ ಬೋಧನೆ, ಪ್ರಯೋಗಾಲಯ ಕಟ್ಟುವುದು, ಭಾರತೀಯ ಭಾಷೆಗಳಲ್ಲಿ ಪಾಠ, ಸಮುದಾಯದ ಕೆಲಸ ಇವೆಲ್ಲ ಆ ಒಂಬತ್ತರಲ್ಲಿವೆ. ಪೇಪರ್‌ಗೆ ಇಷ್ಟು ಅಂಕ ಎಂಬ ಕೋಷ್ಟಕದಿಂದ ಹೊರಬರುವ ಮೊದಲ ಗಂಭೀರ ಪ್ರಯತ್ನ ಇದು. ಇದರಲ್ಲೂ ತೊಡಕುಗಳಿವೆ. 'ಗಮನಾರ್ಹ' ಯಾವುದು ಎಂದು ತೀರ್ಮಾನಿಸುವವರು ಮತ್ತೆ ಅದೇ ಆಯ್ಕೆ ಸಮಿತಿಯವರು.

ಆದರೆ ಈ ಭಾಗದ ಮೇಲೆ ಚರ್ಚೆ ನಡೆಯಲೇ ಇಲ್ಲ ಎನ್ನಬೇಕು. ಅದೇ ಕರಡಿನಲ್ಲಿ ಕುಲಪತಿ ನೇಮಕದಲ್ಲಿ ರಾಜ್ಯಗಳ ಪಾತ್ರ ಕಡಿಮೆ ಮಾಡುವ ಅಂಶವೂ ಇತ್ತು. ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಹಲವು ರಾಜ್ಯಗಳು ಅದನ್ನು ವಿರೋಧಿಸಿದವು. ವಿರೋಧಕ್ಕೆ ಕಾರಣವೂ ಇತ್ತು. ಸುದ್ದಿಯೆಲ್ಲ ಅದರ ಸುತ್ತ ಸುತ್ತಿತು. ಪೇಪರ್ ಎಣಿಸುವುದನ್ನು ನಿಲ್ಲಿಸುವುದು ಹೇಗೆ, ಅದರ ಬದಲು ಓದಿ ತೂಗುವವರು ಯಾರು, ಅವರಿಗೆ ಸಮಯ ಕೊಡುವವರು ಯಾರು ಎಂಬ ಪ್ರಶ್ನೆಗಳನ್ನು ಕೇಂದ್ರವೂ ಎತ್ತಲಿಲ್ಲ, ರಾಜ್ಯಗಳೂ ಎತ್ತಲಿಲ್ಲ.